ಕಾರಿನ ಬಾಗಿಲಲ್ಲಿದ್ದ ತಂಗಿ

ಎಲ್ಲರೂ ಬಾಲ ಮಡಚಿ ಕೂತ್ಕೊಳ್ಳಿ. ಬಾಲ ಇಲ್ಲದವರು ಕಾಲು ಮಡಚಿ. ಹಾಂ, ಈಗ ಹೇಳ್ತೀನಿ.

ಒಂದು ಮೇಕೆಮರಿ ಇತ್ತು. ಹೆಸರು ಚಿಟ್ಟಿ. ಮೈಯೆಲ್ಲ ಕಪ್ಪು, ಹಣೆ ಮೇಲೆ ಬಿಳಿ ಚುಕ್ಕೆ. ಓಬಳಜ್ಜಿ ಸಾಕಿದ ಮರಿ. ಬೇರೆ ಮರಿಗಳೆಲ್ಲ ಜೋಡಿ ಜೋಡಿ. ಚಿಟ್ಟಿ ಮಾತ್ರ ಒಬ್ಬಳೇ ಒಬ್ಬಳು. ಪಾಪ!

ಆದರೆ ಚಿಟ್ಟಿಗೆ ಒಬ್ಬ ತಂಗಿ ಸಿಕ್ಕಿದ್ದಳು. ಎಲ್ಲಿ? ಪಕ್ಕದ ಮನೆ ತಿಪ್ಪೇಶಣ್ಣನ ಕೆಂಪು ಕಾರಿನ ಬಾಗಿಲಲ್ಲಿ! ಚಿಟ್ಟಿ ಬಂದರೆ ಅವಳೂ ಬರುತ್ತಿದ್ದಳು. ಚಿಟ್ಟಿ ಕುಣಿದರೆ ಅವಳೂ ಕುಣಿಯುತ್ತಿದ್ದಳು. ಅವಳ ಹಣೆ ಮೇಲೂ ಬಿಳಿ ಚುಕ್ಕೆ.

ಆಯುಧಪೂಜೆ ಬಂತು. ತಿಪ್ಪೇಶಣ್ಣ ಕಾರಿನ ಬಾಗಿಲಿಗೆಲ್ಲ ಗಂಧ ಬಳಿದ, ಕುಂಕುಮ ಬಳಿದ. "ಇದು ದೇವರದು, ಒರೆಸಬಾರದು" ಅಂದ. ಒಂದು ದಿನ ಒರೆಸಲಿಲ್ಲ. ಹತ್ತು ದಿನ ಒರೆಸಲಿಲ್ಲ. ತಿಂಗಳಾದರೂ ಒರೆಸಲಿಲ್ಲ! ಬಿಸಿಲು ಬಡಿಯಿತು. ಧೂಳು ಕೂತಿತು. ಬಾಗಿಲು ಮಂಕಾಯಿತು.

ಒಂದು ಬೆಳಿಗ್ಗೆ ಚಿಟ್ಟಿ ಓಡಿ ಬಂದಳು. ನೋಡಿದಳು. ತಂಗಿ ಇಲ್ಲ!

"ಕಾರೇ, ಕಾರೇ! ನನ್ನ ತಂಗಿ ಕೊಡು!"

"ಹೇಗೆ ಕೊಡಲಿ ಚಿಟ್ಟಿ? ನನ್ನ ಮೇಣದ ಅಂಗಿ ಸವೆದುಹೋಯಿತು. ಅಂಗಿ ಇದ್ದರೆ ಹೊಳಪು. ಹೊಳಪಿದ್ದರೆ ತಂಗಿ. ತಿಪ್ಪೇಶಣ್ಣ ಮೇಣ ಹಚ್ಚಲಿ, ಕೊಡ್ತೀನಿ."

ಚಿಟ್ಟಿ ತಿಪ್ಪೇಶಣ್ಣನ ಹತ್ತಿರ ಹೋದಳು.

"ತಿಪ್ಪೇಶಣ್ಣ, ತಿಪ್ಪೇಶಣ್ಣ! ಕಾರಿಗೆ ಮೇಣ ಹಚ್ಚು. ಕಾರು ಹೊಳೆಯಲಿ, ನನ್ನ ತಂಗಿ ಬರಲಿ!"

ತಿಪ್ಪೇಶಣ್ಣ ಡಬ್ಬಿ ಬಡಿದು ತೋರಿಸಿದ. ಟಣ್ ಟಣ್! "ಡಬ್ಬಿ ಖಾಲಿ ಕಣೇ. ಜೇನವ್ವ ಮೇಣ ಕೊಡಲಿ, ಹಚ್ತೀನಿ."

ಚಿಟ್ಟಿ ಜೇನವ್ವನ ಹತ್ತಿರ ಹೋದಳು.

"ಜೇನವ್ವ, ಜೇನವ್ವ! ತಿಪ್ಪೇಶಣ್ಣನಿಗೆ ಮೇಣ ಕೊಡು. ತಿಪ್ಪೇಶಣ್ಣ ಕಾರಿಗೆ ಹಚ್ಚಲಿ. ಕಾರು ಹೊಳೆಯಲಿ, ನನ್ನ ತಂಗಿ ಬರಲಿ!"

"ಗುಂಯ್! ಹೂವಿಲ್ಲದೆ ಜೇನೆಲ್ಲಿ? ಜೇನಿಲ್ಲದೆ ಮೇಣವೆಲ್ಲಿ? ಕುಂಬಳ ಬಳ್ಳಿ ಹೂ ಬಿಡಲಿ, ಕೊಡ್ತೀನಿ."

ಚಿಟ್ಟಿ ಕುಂಬಳ ಬಳ್ಳಿಯ ಹತ್ತಿರ ಹೋದಳು. ಬಳ್ಳಿ ಬಾಯಾರಿ ಜೋತುಬಿದ್ದಿತ್ತು.

"ಬಳ್ಳಿಯೇ, ಬಳ್ಳಿಯೇ! ಹೂ ಬಿಡು. ಜೇನವ್ವ ಮೇಣ ಕೊಡಲಿ. ತಿಪ್ಪೇಶಣ್ಣ ಕಾರಿಗೆ ಹಚ್ಚಲಿ. ಕಾರು ಹೊಳೆಯಲಿ, ನನ್ನ ತಂಗಿ ಬರಲಿ!"

"ಒಂದು ತೊಟ್ಟೂ ನೀರಿಲ್ಲ ಮರಿ. ಓಬಳಜ್ಜಿ ನೀರು ಹಾಕಲಿ, ಹೂ ಬಿಡ್ತೀನಿ."

ಚಿಟ್ಟಿ ಓಬಳಜ್ಜಿಯ ಹತ್ತಿರ ಹೋದಳು.

"ಅಜ್ಜಿ, ಅಜ್ಜಿ! ಬಳ್ಳಿಗೆ ನೀರು ಹಾಕು. ಬಳ್ಳಿ ಹೂ ಬಿಡಲಿ. ಜೇನವ್ವ ಮೇಣ ಕೊಡಲಿ. ತಿಪ್ಪೇಶಣ್ಣ ಕಾರಿಗೆ ಹಚ್ಚಲಿ. ಕಾರು ಹೊಳೆಯಲಿ, ನನ್ನ ತಂಗಿ ಬರಲಿ!"

ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು. "ಯಾಕೆ ಹಾಕ್ಲಿ? ನೀರು ಹಾಕಿದ್ರೆ ಮೊಗ್ಗು ಬರುತ್ತೆ. ಮೊಗ್ಗು ಬಂದ್ರೆ ಯಾವಳೋ ತಿಂತಾಳೆ. ಹೋದ ಸಲ ಎಲ್ಲಾ ಮೊಗ್ಗು ತಿಂದೋಳು ಯಾರು?"

ಚಿಟ್ಟಿ ಆಕಾಶ ನೋಡಿದಳು. ನೆಲ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ನಾನೇ ಅಜ್ಜಿ."

"ಆಡು ಮುಟ್ಟದ ಸೊಪ್ಪಿಲ್ಲ ಅಂತ ಸುಮ್ನೆ ಹೇಳ್ತಾರಾ! ಮೊಗ್ಗು ಮುಟ್ಟದೆ ಇರ್ತೀಯಾ? ಇದ್ರೆ ಹಾಕ್ತೀನಿ."

ಇನ್ನು ಯಾರನ್ನು ಕೇಳುವುದು? ಚಿಟ್ಟಿ ತನ್ನ ಬಾಯನ್ನೇ ಕೇಳಿದಳು.

"ಬಾಯೇ, ಬಾಯೇ! ಮೊಗ್ಗು ಮುಟ್ಟಬೇಡ. ಅಜ್ಜಿ ನೀರು ಹಾಕಲಿ. ಬಳ್ಳಿ ಹೂ ಬಿಡಲಿ. ಜೇನವ್ವ ಮೇಣ ಕೊಡಲಿ. ತಿಪ್ಪೇಶಣ್ಣ ಕಾರಿಗೆ ಹಚ್ಚಲಿ. ಕಾರು ಹೊಳೆಯಲಿ, ನನ್ನ ತಂಗಿ ಬರಲಿ!"

"ಆಸೆ ಆಗುತ್ತಲ್ಲ!" ಅಂತು ಬಾಯಿ.

"ಆಗಲಿ. ನನಗೆ ತಂಗಿ ಬೇಕು" ಅಂದಳು ಚಿಟ್ಟಿ.

ಅಜ್ಜಿ ನೀರು ಹಾಕಿದಳು. ಒಂದು ಮೊಗ್ಗು ಬಂತು. ಚಿಟ್ಟಿ ಕಣ್ಣು ಮುಚ್ಚಿದಳು. ಎರಡು ಮೊಗ್ಗು ಬಂತು. ಚಿಟ್ಟಿ ಬೆನ್ನು ತಿರುಗಿಸಿದಳು. ಐದು ಮೊಗ್ಗು ಬಂತು! ಬಾಯಲ್ಲಿ ನೀರೂರಿತು. ಚಿಟ್ಟಿ ಒಣ ಹುಲ್ಲು ಕಚ್ಚಿಕೊಂಡು ಕೂತಳು. ತಂಗಿ, ತಂಗಿ, ತಂಗಿ ಅಂತ ಕೂತಳು.

ಬಾಯಿ ಮೊಗ್ಗು ಮುಟ್ಟಲಿಲ್ಲ. ಅಜ್ಜಿ ನೀರು ನಿಲ್ಲಿಸಲಿಲ್ಲ. ಬಳ್ಳಿ ಹಳದಿ ಹೂ ಬಿಟ್ಟಿತು. ಜೇನವ್ವ ಮೇಣ ಕೊಟ್ಟಳು. ತಿಪ್ಪೇಶಣ್ಣ ಮೇಣ ಕರಗಿಸಿದ, ಎಣ್ಣೆ ಬೆರೆಸಿದ. ಕಾರನ್ನು ನೆರಳಿಗೆ ತಂದ. "ದೇವರೇ, ಕೋಪ ಮಾಡ್ಕೋಬೇಡಪ್ಪ" ಅಂತ ಕೈ ಮುಗಿದು, ಗಂಧ ತೊಳೆದ, ಕುಂಕುಮ ತೊಳೆದ. ಮೆತ್ತನೆ ಬಟ್ಟೆಯಲ್ಲಿ ಸುತ್ತ ಸುತ್ತ, ತೆಳ್ಳಗೆ ಮೇಣ ಹಚ್ಚಿದ. ಆರಲು ಬಿಟ್ಟ. ಒರೆಸಿದ.

"ಇನ್ನು ಮೂರು ತಿಂಗಳು ಈ ಅಂಗಿ ಹಾಳಾಗಲ್ಲ. ಇನ್ಮೇಲೆ ಬೆಳಿಗ್ಗೆ ಪೂಜೆ, ಸಂಜೆ ಒರೆಸೋದು" ಅಂದ.

ಕಾರು ಪಳಪಳ ಹೊಳೆಯಿತು.

ಅಷ್ಟರಲ್ಲಿ ಅಜ್ಜಿ ಒಂದು ಹೂ ಕಿತ್ತಳು. "ಇದು ಕಾಯಿ ಬಿಡದ ಹೂ. ನಿಂಗೇ ತಗೋ, ನನ್ನ ಬಂಗಾರ" ಅಂದಳು.

ಚಿಟ್ಟಿ ತಿಂದಳಾ? ಇಲ್ಲ! ಹೂವನ್ನು ಮೆಲ್ಲಗೆ ಬಾಯಲ್ಲಿ ಕಚ್ಚಿಕೊಂಡು ಕಾರಿನ ಹತ್ತಿರ ಓಡಿದಳು. ತಂಗಿಗೆ ಕೊಡಬೇಕಲ್ಲ!

ಬಾಗಿಲಲ್ಲಿ ತಂಗಿ ನಿಂತಿದ್ದಳು. ಮೈಯೆಲ್ಲ ಕಪ್ಪು, ಹಣೆ ಮೇಲೆ ಬಿಳಿ ಚುಕ್ಕೆ. ಅವಳ ಬಾಯಲ್ಲೂ ಒಂದು ಹಳದಿ ಹೂ.

ಅಕ್ಕನಿಗೆ ಅಂತ ಅವಳೂ ತಿನ್ನದೆ ತಂದಿದ್ದಳು.