ಗುಂಯ್‌ಗುಡುವ ಜೋಗುಳ

“ಗುರುಗಳೇ, ನಿಮ್ಮ ಎದುರಿಗೇ ಕೂತಿರುತ್ತೇನೆ. ಆದರೂ ನಿಮ್ಮ ಮಾತು ನನ್ನೊಳಗೆ ಇಳಿಯುತ್ತಿಲ್ಲ. ತಲೆಯಲ್ಲಿ ಏನೋ ಒಂದು ಗುಂಯ್ ಎನ್ನುತ್ತಲೇ ಇರುತ್ತದೆ. ಅದನ್ನು ಅಡಗಿಸಲು ಯಾವ ಜಪ ಮಾಡಲಿ?”

ವೈದ್ಯರು ಬಂದು ಗುರುಗಳ ಎದೆ ಪರೀಕ್ಷಿಸಿ, ತಲೆ ಅಲ್ಲಾಡಿಸಿ ಹೋದ ಮರುದಿನ ಶಿಷ್ಯ ಹೀಗೆ ಕೇಳಿದ. ಗುರುಗಳು ದಿಂಬಿಗೆ ಒರಗಿಕೊಂಡೇ ನಕ್ಕರು. “ಜಪವಂತೆ ಜಪ! ಇರುವ ಸದ್ದು ಸಾಲದೆಂದು ಇನ್ನೊಂದೇ? ಕತೆ ಹೇಳುತ್ತೇನೆ, ಸುಮ್ಮನೆ ಕೇಳು” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ. ಅವನ ಹೆಂಡತಿ ಜೋಗುಳ ಹಾಡುವುದರಲ್ಲಿ ಎತ್ತಿದ ಕೈ. ಆ ಬೀದಿಯಲ್ಲಿ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಅವಳೇ ಹಾಡಬೇಕು. ಈಗ ಅವಳ ಮಗಳೇ ಬಸುರಿ. ಅಷ್ಟರಲ್ಲಿ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಬೆಳಗಾದರೆ ಆಸ್ಪತ್ರೆಗೆ ಸೇರಬೇಕು. ಹುಟ್ಟುವ ಮೊಮ್ಮಗುವಿಗೆ ಅಜ್ಜಿಯ ಹಾಡಾದರೂ ಸಿಗಲಿ ಎಂದು ವ್ಯಾಪಾರಿ ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ ಕೂತ.

ಹೆಡ್‌ಫೋನ್ ಹಾಕಿ ಕೇಳಿದರೆ ಹಾಡಿನ ಹಿಂದೆ ಒಂದೇ ಸಮ ಗುಂಯ್ ಸದ್ದು. ಫ್ಯಾನು ಆರಿಸಿದ, ಫ್ರಿಜ್ಜು ಆರಿಸಿದ, ಓಡಿಹೋಗಿ ಹೊಸ ಮೈಕು ತಂದ. ಊಹೂಂ. ಸದ್ದು ಅಳಿಸುವ ಸಾಫ್ಟ್‌ವೇರ್ ಹಾಕಿದ. ಸದ್ದೇನೋ ಹೋಯಿತು, ಜೊತೆಗೆ ಅವಳ ದನಿಯ ಜೀವವೂ ಹೋಯಿತು. ಯಾರೋ ಬಾವಿಯೊಳಗೆ ಇಳಿದು ಹಾಡಿದ ಹಾಗೆ ಕೇಳಿಸಿತು. ಅವನಿಗೆ ಅಳುವೇ ಬಂತು. ಇಷ್ಟೆಲ್ಲ ಮಾಡಿದ ಪುಣ್ಯಾತ್ಮ ಚಾರ್ಜರನ್ನು ಮಾತ್ರ ಮುಟ್ಟಲಿಲ್ಲ. ಕರೆಂಟನ್ನು ನಂಬುವ ಹಾಗಿಲ್ಲದ ಊರು, ಬ್ಯಾಟರಿಯೋ ಹಳೆಯದು. ಹಾಡು ಅರ್ಧಕ್ಕೇ ನಿಂತರೆ ಗತಿಯೇನು ಎಂದು ಕರೆಂಟು ಇದ್ದಷ್ಟು ಹೊತ್ತೂ ಅದನ್ನು ಸಿಕ್ಕಿಸಿಯೇ ಇಟ್ಟಿದ್ದ.

ಸಂಜೆ ಅವಳು ಮತ್ತೆ ಹಾಡುತ್ತಿದ್ದಾಗ ಕರೆಂಟು ಹೋಗಿಯೇಬಿಟ್ಟಿತು. ಹಾಡು ಅರ್ಧಕ್ಕೇ ಹೋಯಿತು ಎಂದುಕೊಂಡ. ಆದರೆ ಹೆಡ್‌ಫೋನಿನಲ್ಲಿ ಗುಂಯ್ ಸದ್ದು ಇಲ್ಲ! ಅವಳು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿದೆ. ಕರೆಂಟು ಬಂತು, ಸದ್ದೂ ಬಂತು. ಚಾರ್ಜರ್ ಕಿತ್ತ, ಸದ್ದು ಹೋಯಿತು. ಆ ವೈರಿನಿಂದಲೇ ಅದು ಒಳಗೆ ಬರುತ್ತಿತ್ತು.

“ಲೇ ಇವಳೇ, ಸಿಕ್ಕಿದ ಕಳ್ಳ! ಆದರೆ ಈ ಬ್ಯಾಟರಿ ಎಷ್ಟು ಹೊತ್ತು ಬರುತ್ತದೋ. ನಡುವೆ ಆರಿಹೋದರೆ ಏನು ಮಾಡಲಿ?”

“ಆರಿದರೆ ಆರಲಿ ಬಿಡಿ. ನಾನೇನು ಬ್ಯಾಟರಿಗೆ ಹಾಡುತ್ತಿದ್ದೇನೆಯೇ?” ಎಂದಳು.

ಹಾಡಿದಳು. ಕೊನೆಯ ನುಡಿಗೆ ಬರುವ ಹೊತ್ತಿಗೆ ಲ್ಯಾಪ್‌ಟಾಪು ಆರಿಹೋಯಿತು. ವ್ಯಾಪಾರಿ ಗಡಬಡಿಸಿ ಚಾರ್ಜರಿಗೆ ಕೈ ಚಾಚಿದ. ಅವಳು ಹಾಡು ನಿಲ್ಲಿಸಿರಲಿಲ್ಲ. ಅವನು ಕೈ ಹಿಂದಕ್ಕೆ ತೆಗೆದುಕೊಂಡ, ಹೆಡ್‌ಫೋನ್ ಕಳಚಿಟ್ಟ, ಬಂದು ಅವಳ ಪಕ್ಕ ಕೂತ. ಉಳಿದ ನುಡಿಯನ್ನು ಅವಳು ಅವನೊಬ್ಬನಿಗೇ ಹಾಡಿ ಮುಗಿಸಿದಳು.

ಗುರುಗಳು ಕತೆ ನಿಲ್ಲಿಸಿ ಉಸಿರು ಸುಧಾರಿಸಿಕೊಂಡರು. ಶಿಷ್ಯ ಗಾಬರಿಯಿಂದ ಅವರ ಎದೆಯ ಏರಿಳಿತವನ್ನೇ ನೋಡುತ್ತಿದ್ದ. ಅವರು ಅವನ ಕೈ ಹಿಡಿದುಕೊಂಡರು.

“ನಾನು ಇನ್ನೆಷ್ಟು ದಿನ ಎಂದು ಎಣಿಸುವುದನ್ನು ಬಿಡು ಮಗು, ಈಗ ನಾನು ಮಾತಾಡುತ್ತಿದ್ದೇನಲ್ಲ.”