ಬಡತನ ಅರಿಯಲು ಹೊರಟ ಸುಲ್ತಾನ

ದೊಡ್ಡ ಬಂಗಲೆಯ ಸಾಕುನಾಯಿ ಸುಲ್ತಾನನಿಗೆ ಬಡತನವೆಂದರೇನು ಎಂದು ಅರಿಯುವ ಆಸೆ ಹುಟ್ಟಿತು. ಬೆಳಗ್ಗೆ ಗೇಟು ತೆರೆದಾಗ ಹೊರಬಂದು, ಕಸದ ತೊಟ್ಟಿಯ ಬಳಿ ಮರಿಗಳೊಂದಿಗೆ ಮಲಗಿದ್ದ ಬೀದಿನಾಯಿ ಕೆಂಚವ್ವನನ್ನು ಮಾತಾಡಿಸಿದ.

"ತಾಯೀ, ನಿಮ್ಮ ತಿಂಡಿ ಎಷ್ಟು ಹೊತ್ತಿಗೆ?"

"ಸಿಕ್ಕ ಹೊತ್ತಿಗೆ, ಸ್ವಾಮಿ."

"ಸಿಗದಿದ್ದರೆ?"

"ತಿಂಡಿ, ಊಟ ಎರಡನ್ನೂ ಒಟ್ಟಿಗೇ ಬಿಡುತ್ತೇವೆ."

ಸುಲ್ತಾನ ಗಂಭೀರವಾಗಿ ತಲೆಯಾಡಿಸಿದ. "ತಿಳಿಯಿತು. ನಿಮ್ಮಲ್ಲಿ ಶಿಸ್ತಿಲ್ಲ. ಹೊತ್ತಿಗೆ ಸರಿಯಾಗಿ ಉಂಡರೆ ಬಡತನ ತಾನಾಗಿ ತೊಲಗುತ್ತದೆ."

ಇಷ್ಟು ಹೇಳಿ ಹಿಂದಿರುಗಿದರೆ ಗೇಟು ಮುಚ್ಚಿತ್ತು. ಎಷ್ಟು ಬೊಗಳಿದರೂ ಯಾರೂ ತೆರೆಯಲಿಲ್ಲ. ತಿಂಡಿಯ ಹೊತ್ತು ಹೋಯಿತು, ಊಟದ ಹೊತ್ತೂ ಹೋಯಿತು. ಸಂಜೆಯ ವೇಳೆಗೆ ಸುಲ್ತಾನ ತೊಟ್ಟಿಯೊಳಗೆ ತಲೆ ತೂರಿಸಿ, ಯಾರೋ ಇಡ್ಲಿ ತಿಂದೆಸೆದ ಎಲೆ ನೆಕ್ಕುತ್ತಿದ್ದ. ಕೆಂಚವ್ವ ತನಗೆ ಸಿಕ್ಕಿದ್ದ ಒಣರೊಟ್ಟಿಯಲ್ಲಿ ಅರ್ಧವನ್ನು ಅವನತ್ತ ತಳ್ಳಿದಳು.

"ಹೊತ್ತು ಮೀರಿದೆ ಸ್ವಾಮಿ. ಆದರೂ ತಿನ್ನಿ."

ಸುಲ್ತಾನ ತಲೆ ತಗ್ಗಿಸಿ ತಿಂದ. ಅಷ್ಟರಲ್ಲಿ ಯಜಮಾನರ ಕಾರು ಬಂತು, ಗೇಟು ತೆರೆಯಿತು. ಅವನು ಓಡಿದ. ಆದರೆ ಒಳಗೆ ಹೋಗದೆ, ಮುಚ್ಚಿಕೊಳ್ಳುತ್ತಿದ್ದ ಗೇಟಿಗೆ ಬೆನ್ನು ಕೊಟ್ಟು ನಿಂತು ಕೂಗಿದ:

"ತಾಯೀ, ಮರಿಗಳನ್ನು ಕರೆದುಕೊಂಡು ಬೇಗ ಬನ್ನಿ! ಇದು ಬಹಳ ಭಾರವಿದೆ, ನನ್ನೊಬ್ಬನಿಂದ ತಡೆಯಲಾಗದು!"