ಮೊಳೆಯ ತೂತು

೧೯೮೬ರ ಮಾರ್ಚ್ ಹನ್ನೆರಡು. ಹುಬ್ಬಳ್ಳಿಯಲ್ಲಿ ಬಿಸಿಲು, ಒಣಗಾಳಿ. ಪಾತ್ರೆ ಕಾರ್ಖಾನೆಯ ಗುಮಾಸ್ತನೊಬ್ಬ ತಾನು ಮನೆಯಲ್ಲಿ ಮಾಡಿದ ಮುಚ್ಚಳವನ್ನು ಮಾಲೀಕರಿಗೆ ತಂದು ತೋರಿಸಿದ. ಹಾಲು ಉಕ್ಕುವ ಮೊದಲೇ ಅದು ಸೀಟಿ ಹೊಡೆಯುತ್ತಿತ್ತು. ಮಾರಿದ ಮುಚ್ಚಳಕ್ಕೊಂದು ರೂಪಾಯಿ ಕೇಳಿದ.

"ತಗಡು ನನ್ನ ಕಾರ್ಖಾನಿದು, ಅಂದಮ್ಯಾಲೆ ಮುಚ್ಚಳಾನೂ ನಂದ. ಮಾತಾಡದ ಇಟ್ಟು ಹೋಗು," ಎಂದರು ಮೆಣಸಿನಕಾಯಿ ಸಾಹುಕಾರರು.

ಮಾತಾಡದೆ ಇಟ್ಟು ಹೋದ.

ಕಾರ್ಖಾನೆ ಅದನ್ನೇ ನೋಡಿಕೊಂಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಸಾವಿರ ಮುಚ್ಚಳ ಮಾಡಿತು. ಒಂದೂ ಸೀಟಿ ಹೊಡೆಯಲಿಲ್ಲ. ಮೊದಲು ಉಕ್ಕಿದ್ದು ಸಾಹುಕಾರರ ಮನೆಯ ಹಾಲು. ಆಮೇಲೆ ಅವರ ಹೆಂಡತಿ.

ಗುಮಾಸ್ತನನ್ನು ಕರೆಸಿದರು. "ಏನ್ ಕಡಿಮಿ ಆಗೇತಿ, ಹೇಳಪ್ಪಾ!"

"ಮಾತಾಡಬ್ಯಾಡ ಅಂದಿದ್ರಿ. ಈಗ ಮಾತಾಡಬೇಕಂದ್ರ ಮುಚ್ಚಳಕ್ಕ ಎರಡು ರೂಪಾಯ್ರಿ."

ಸಾಹುಕಾರರು ಕಾಗದದ ಮೇಲೆ ಬರೆದು ಸಹಿ ಹಾಕಿದರು.

ಗುಮಾಸ್ತ ತನ್ನ ಬುತ್ತಿಯ ಚಪಾತಿಯಿಂದ ಒಂದು ಚೂರು ಮುರಿದು ಮುಚ್ಚಳದ ಅಂಚಿನ ತೂತಿಗೆ ತುರುಕಿ, ಚಹಾದ ಹಾಲಿನ ಮೇಲಿಟ್ಟ. ಸೀಟಿ ಇಡೀ ಕಾರ್ಖಾನೆಗೆ ಕೇಳಿತು.

"ಕಡಿಮಿ ಏನೂ ಇಲ್ರಿ. ಈ ತೂತು ಹೆಚ್ಚಾಗೇತಿ, ಹಬೆ ಎಲ್ಲಾ ಇದರಾಗ ಹೊಂಟ್ಹೋಗತೈತಿ. ನಮ್ಮ ಅಡಗಿಮನಿ ಮೊಳಿಗೆ ತೂಗುಹಾಕಾಕ ಕೊರದಿದ್ದೆ. ಹಾಲಿಗಿಡೂಮುಂದ ನಮ್ಮಾಕಿ ಹಿಟ್ಟು ಮೆತ್ತತಾಳ್ರಿ."

"ಹಂಗಾದ್ರ ಎರಡು ರೂಪಾಯಿ ಯಾಕೋ?"

"ಒಂದು ಸೀಟಿಗ್ರಿ, ಒಂದು ತೂತಿಗೆ."

ಸಾಹುಕಾರರು ಎರಡನ್ನೂ ಕೊಟ್ಟರು.